ಎರಡು ಪ್ಲೇಟುಗಳು

ನಮ್ಮ ಅಜ್ಜಿಯ ಭಾಷೆಯಲ್ಲಿ, ದುಂಡಗೆ ತೆಳ್ಳಗಿದ್ದು ಒಳಗಿನಿಂದ ಹಾಡೋ ಮಾತೋ ಹೊರಡುವಂಥದೆಲ್ಲ ‘ಪ್ಲೇಟು’. ಅವಳ ತವರೂರಿನ ಶಾನುಭೋಗರ ಮನೆಯಲ್ಲಿ ಒಂದು ಗ್ರಾಮಫೋನು ಇತ್ತಂತೆ. ಕೀಲಿ ಕೊಟ್ಟು ಅದರ ಮೇಲೆ ಕರಿಯ ತಟ್ಟೆಯೊಂದನ್ನು ಇಟ್ಟರೆ ಜಗಲಿಯ ತುಂಬ ಜನ ಕೂಡುತ್ತಿದ್ದರಂತೆ. ಅಂದಿನಿಂದ ಸಿ.ಡಿ., ಡಿ.ವಿ.ಡಿ.ಗಳ ಕಾಲದವರೆಗೆ ಯಂತ್ರಗಳು ಎಷ್ಟೋ ಬದಲಾದವು. ಅಜ್ಜಿ ಮಾತ್ರ ಹೆಸರು ಬದಲಾಯಿಸುವ ಶ್ರಮ ತೆಗೆದುಕೊಳ್ಳಲಿಲ್ಲ. ನಾನು ಹೇಳಹೊರಟಿರುವುದು ಇಂಥ ಎರಡು ಪ್ಲೇಟುಗಳ ಸಮಾಚಾರ. ಅವುಗಳಲ್ಲಿ ಒಂದನ್ನು ಉಳಿಸಿಕೊಂಡೆ. ಇನ್ನೊಂದನ್ನು ಕೈಯಾರೆ ಕಳೆದೆ.

2007ನೆಯ ಇಸವಿ ಮೇ ತಿಂಗಳಿನಲ್ಲಿ ನಮ್ಮ ಅತ್ತೆಯ ಮದುವೆ ಹಾಸನದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಆಗ ನನಗೆ ಎರಡು ವರ್ಷ. ವಿಡಿಯೋ ತೆಗೆದವರು ಅದನ್ನು ಎರಡು ಡಿ.ವಿ.ಡಿ.ಗಳಲ್ಲಿ ತುಂಬಿ, ವಧೂವರರ ಚಿತ್ರ ಅಂಟಿಸಿದ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಮೊದಲನೆಯದರಲ್ಲಿ ಚಪ್ಪರದ ದಿನ ಮತ್ತು ವರಪೂಜೆ. ಎರಡನೆಯದರಲ್ಲಿ ಧಾರೆ, ಮುಯ್ಯಿ, ಹೆಣ್ಣೊಪ್ಪಿಸುವ ಶಾಸ್ತ್ರ. ಅದಾಗಿ ಎರಡು ವರ್ಷಕ್ಕೆ, 2009ರಲ್ಲಿ, ಅಪ್ಪ ತೀರಿಕೊಂಡರು. ಅವರ ಮುಖ ನನಗೆ ನೆನಪಿಲ್ಲ. ನೆನಪಿದೆಯೆಂದು ಚಿಕ್ಕಂದಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅದು ಗೋಡೆಯ ಮೇಲಿನ ಪಟದ ನೆನಪೆಂದು ಬುದ್ಧಿ ಬಂದ ಮೇಲೆ ತಿಳಿಯಿತು. ಪಟ ನಗುವುದಿಲ್ಲ, ಮಾತಾಡುವುದಿಲ್ಲ. ಅಪ್ಪ ನಡೆಯುವುದು, ಮಾತಾಡುವುದು, ಯಾರನ್ನೋ ಗದರಿಸಿ ಮರುಕ್ಷಣವೇ ನಗುವುದು, ಇಷ್ಟೂ ಉಳಿದಿದ್ದುದು ಆ ಎರಡು ಪ್ಲೇಟುಗಳಲ್ಲಿ ಮಾತ್ರ.

ನಮ್ಮ ಮನೆಯ ಡಿ.ವಿ.ಡಿ. ಪ್ಲೇಯರು ನಾನು ಪ್ರೌಢಶಾಲೆಗೆ ಸೇರುವ ಮೊದಲೇ ಕೆಟ್ಟಿತು. ರಿಪೇರಿಗೆ ಒಯ್ದರೆ, ಹೊಸ ಮೊಬೈಲು ಕೊಳ್ಳಿ ಎಂಬ ಉಪದೇಶ ಸಿಕ್ಕಿತು. ಪ್ಲೇಟುಗಳು ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಕೆಳಗೆ, ಮೂಕವಾಗಿ ಉಳಿದವು. 2022ರಲ್ಲಿ ನಾನು ಪಿ.ಯು.ಸಿ. ಓದುತ್ತಿದ್ದಾಗ, ಬಸ್‌ಸ್ಟ್ಯಾಂಡಿನ ಬಳಿ ಒಂದು ಅಂಗಡಿಯಲ್ಲಿ ಹಳೆಯ ಡಿಸ್ಕುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆಂದು ತಿಳಿದು ಎರಡನ್ನೂ ಒಯ್ದು ಕೊಟ್ಟೆ. ಸಂಜೆಗೆ ಕೆಲಸವಾಗಿತ್ತು. ಒಂದೊಂದು ಡಿಸ್ಕಿಗೆ ಒಂದೊಂದು ಫೈಲು. ಮೊದಲನೆಯದು 210 ಎಂ.ಬಿ., ಎರಡನೆಯದೂ ಹೆಚ್ಚು ಕಡಿಮೆ ಅಷ್ಟೇ. “ಮೊಬೈಲಲ್ಲೂ ಹಿಡಿಸುತ್ತೆ, ವಾಟ್ಸಾಪಲ್ಲೂ ಕಳಿಸಬಹುದು” ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ. ನನಗೂ ಹೆಮ್ಮೆಯೆನಿಸಿತು. ಇಷ್ಟು ದೊಡ್ಡ ಮದುವೆಯನ್ನು ಇಷ್ಟು ಚಿಕ್ಕದಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆನಲ್ಲ!

ಮನೆಯಲ್ಲಿ ಎಲ್ಲರೂ ಮೊಬೈಲಿನ ಸುತ್ತ ಕುಳಿತು ನೋಡಿದೆವು. ಚಿತ್ರ ಮಸುಕಾಗಿತ್ತು. ಯಾರಾದರೂ ಕೈ ಬೀಸಿದರೆ ಬೆರಳುಗಳು ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆಯಾಗುತ್ತಿದ್ದವು. ವಾಲಗದ ಸದ್ದಿನ ನಡುವೆ ಜನರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. “ಹಳೇದಲ್ವಾ ಮಗಾ, ಹಂಗೇ ಇರ್ತದೆ” ಎಂದಳು ಅಜ್ಜಿ. ನಾವೂ ಹಾಗೆಯೇ ತಿಳಿದೆವು. ತಪ್ಪೆಲ್ಲ ಕಾಲದ ಮೇಲೆ ಬಿತ್ತು. ಚಪ್ಪರದ ದಿನದ ಭಾಗದಲ್ಲಿ ಒಂದು ದೃಶ್ಯವಿದೆ: ಪೆಟ್ರೋಮ್ಯಾಕ್ಸಿನಂಥ ಒಂದೇ ದೀಪದ ಬೆಳಕಿನಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾವಿನ ತೋರಣ ಕಟ್ಟುವವರ ನಡುವೆ ಓಡಾಡುತ್ತಾರೆ. ನಾವಿಬ್ಬರೂ ಒಟ್ಟಿಗೆ ಚಲಿಸುವುದು ಅದೊಂದೇ ಕಡೆ. ಆ ಫೈಲಿನಲ್ಲಿ ಅಪ್ಪನ ಮುಖ ನಾಲ್ಕೈದು ಬೂದು ಚೌಕಗಳು. ಹೆಗಲ ಮೇಲಿನ ನಾನು ಇನ್ನೂ ಎರಡು.

ಮುಂದೆ ನಡೆದುದನ್ನು ಹೇಳಲು ನನಗೆ ಸಂಕೋಚ. ಎರಡನೆಯ ಪ್ಲೇಟನ್ನು, ತನ್ನ ಧಾರೆ ಇರುವುದು ಅದರಲ್ಲಿ ಎಂದು, ಅತ್ತೆ ಕಡೂರಿನ ತನ್ನ ಮನೆಗೆ ಒಯ್ದಳು. ಮೊದಲನೆಯದು ನಮ್ಮಲ್ಲಿ ಉಳಿಯಿತು. ಆ ವರ್ಷ ಹಿತ್ತಿಲಿನ ಸೀಬೆಗಿಡಕ್ಕೆ ಗಿಣಿಗಳ ಕಾಟ ಹೆಚ್ಚು. ಹೊಳೆಯುವ ಪ್ಲೇಟು ತೂಗುಹಾಕಿದರೆ ಹಕ್ಕಿಗಳು ಹೆದರುತ್ತವೆಂದು ಯಾರೋ ಅಜ್ಜಿಗೆ ಹೇಳಿದರು. ಅಜ್ಜಿ ನನ್ನನ್ನು ಕೇಳಿಯೇ ತೆಗೆದುಕೊಂಡಳು: “ಇದರಲ್ಲಿರೋದೆಲ್ಲ ನಿನ್ನ ಫೋನಿಗೆ ಬಂತಲ್ಲ, ಇನ್ನು ಇದು ಯಾತಕ್ಕೆ?” ನಾನು, “ಕಟ್ಟಜ್ಜಿ, ಬಂದಿದೆ” ಎಂದೆ. ದಾರವನ್ನೂ ನಾನೇ ಪೋಣಿಸಿ ಕೊಟ್ಟೆ. ಎರಡು ತಿಂಗಳು ಅದು ಬಿಸಿಲಿನಲ್ಲಿ ತಿರುಗಿತು. ಗಿಣಿಗಳು ಮೂರು ದಿನ ಹೆದರಿ ನಾಲ್ಕನೆಯ ದಿನ ಬಂದವು.

ನನ್ನ ಕಣ್ಣು ತೆರೆದದ್ದು 2024ರಲ್ಲಿ. ಅದೂ ಕಂಪ್ಯೂಟರಿನ ತರಗತಿಯಲ್ಲಲ್ಲ, ಐಚ್ಛಿಕ ಕನ್ನಡದ ಗ್ರಂಥಸಂಪಾದನೆಯ ಪಾಠದಲ್ಲಿ. ಓಲೆಗರಿಯ ಪ್ರತಿಕಾರರ ವಿಷಯ ನಡೆಯುತ್ತಿತ್ತು. ಪ್ರತಿ ಮಾಡುವವನಿಂದ ಆಗುವ ದೋಷಗಳನ್ನು ನಮ್ಮ ಗುರುಗಳು ವಿವರಿಸಿದರು: ಕಣ್ಣು ತಪ್ಪಿ ಸಾಲು ಬಿಡುವವನು ಒಬ್ಬ, ಇದು ಬೇಡವೆಂದು ತಾನೇ ತೀರ್ಮಾನಿಸಿ ಬಿಡುವವನು ಇನ್ನೊಬ್ಬ, ಮೂಲ ಅರ್ಥವಾಗದೆ ಹೆಚ್ಚು ಚೆನ್ನಾಗಿ ಮಾಡಲು ಹೋಗಿ ತಿದ್ದುವವನು ಮತ್ತೊಬ್ಬ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ದೂರಬೇಡಿ ಎಂದು ಕೊನೆಯಲ್ಲಿ ಬರೆದುಕೊಳ್ಳುವ ಪ್ರತಿಕಾರನೇ ಸಂಪಾದಕನಿಗೆ ಹೆಚ್ಚು ಪ್ರಿಯನೆಂದು ಅವರು ಹೇಳಿದಾಗ ತರಗತಿಯೆಲ್ಲ ನಕ್ಕಿತು. ನನಗೆ ಬಸ್‌ಸ್ಟ್ಯಾಂಡಿನ ಅಂಗಡಿ ನೆನಪಾಯಿತು. ನನ್ನ ಜೇಬಿನಲ್ಲಿದ್ದ ಪ್ರತಿ ಇವರಲ್ಲಿ ಯಾರು ಮಾಡಿದ್ದು?

ಪಾಠ ಮುಗಿದ ಮೇಲೆ, ನಮ್ಮ ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತಿದ್ದ ಅತಿಥಿ ಉಪನ್ಯಾಸಕರೊಬ್ಬರ ಬಳಿಗೆ ಹೋಗಿ ಫೈಲು ತೋರಿಸಿದೆ. ಅವರು ಅದರ ಅಳತೆ ನೋಡಿ, ಡಿ.ವಿ.ಡಿ. ಎಷ್ಟು ಹೊತ್ತಿನದೆಂದು ಕೇಳಿದರು. ಎರಡು ಗಂಟೆಯದು ಎಂದೆ. “ನಿನಗೆ ಬೇಕಾಗಿದ್ದು ನಕಲೋ, ಸಾರಾಂಶವೋ?” ಎಂದರು. ಆ ಪ್ರಶ್ನೆ ನನಗೆ ಎರಡು ವರ್ಷ ಮೊದಲೇ ಎದುರಾಗಬೇಕಿತ್ತು.

ಅವರಿಂದ ತಿಳಿದುದನ್ನೂ ಆಮೇಲೆ ನಾನಾಗಿ ಓದಿಕೊಂಡುದನ್ನೂ, ಕಲಾ ವಿಭಾಗದ ನನ್ನ ಮಿತ್ರರಿಗೆ ಬೇಸರವಾಗದಷ್ಟು ಮಟ್ಟಿಗೆ, ಇಲ್ಲಿ ಹೇಳುತ್ತೇನೆ. ನಮ್ಮ ದೇಶದ ಡಿ.ವಿ.ಡಿ.ಯಲ್ಲಿ ಚಿತ್ರವೊಂದಕ್ಕೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಸೆಕೆಂಡಿಗೆ 25 ಚಿತ್ರಗಳು. ಇವನ್ನೆಲ್ಲ ಇದ್ದಂತೆಯೇ ಬರೆದಿಟ್ಟರೆ ಎರಡು ಗಂಟೆಗೆ 110 ಜಿ.ಬಿ.ಗೂ ಮೀರುತ್ತದೆ. ಸಾಮಾನ್ಯ ಡಿ.ವಿ.ಡಿ.ಯಲ್ಲಿ ಹಿಡಿಸುವುದು 4.7 ಜಿ.ಬಿ. ಮಾತ್ರ. ಆದ್ದರಿಂದ ಎಂಪೆಗ್-2 ಎಂಬ ಕ್ರಮದಲ್ಲಿ ಅದನ್ನು ಹಿಂಡುತ್ತಾರೆ. ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದು, ಮುಂದಿನ ಹತ್ತು ಹನ್ನೆರಡು ಚಿತ್ರಗಳಿಗೆ ‘ಇಷ್ಟು ಬದಲಾಯಿತು’ ಎಂಬುದನ್ನಷ್ಟೇ ಬರೆಯುವುದು. ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುವುದು. ಅಂದರೆ ನಮ್ಮ ಕೈಗೆ ಬಂದ ಪ್ಲೇಟೇ ಒಮ್ಮೆ ಗಾಣಕ್ಕೆ ಸಿಕ್ಕಿದ್ದು. ಅಲ್ಲಿ ಹೋದದ್ದು ಹೋಯಿತು. ಯಾವ ವಿದ್ಯೆಯಿಂದಲೂ ಅದು ಮರಳಿ ಬರುವುದಿಲ್ಲ. ಅಂಗಡಿಯವನು ಮಾಡಿದ್ದು, ಉಳಿದ ಸುಮಾರು 4.3 ಜಿ.ಬಿ.ಯನ್ನು ಮತ್ತೊಮ್ಮೆ ಗಾಣಕ್ಕೆ ಕೊಟ್ಟು ಅದರ ಇಪ್ಪತ್ತರಲ್ಲೊಂದು ಭಾಗ ಮಾಡಿದ್ದು. ಅಷ್ಟು ಕಡಮೆ ಜಾಗ ಕೊಟ್ಟಾಗ ಯಂತ್ರ ಮೊದಲು ಬಲಿ ಕೊಡುವುದು ಕತ್ತಲೆಯಲ್ಲಿರುವುದನ್ನು, ಚಲಿಸುತ್ತಿರುವುದನ್ನು, ಮೆತ್ತನೆಯ ಸದ್ದನ್ನು. ಅಪ್ಪ ಕತ್ತಲೆಯಲ್ಲಿದ್ದರು, ಓಡಾಡುತ್ತಿದ್ದರು. ಅವರ ದನಿಯೂ ಮೆತ್ತಗಿನದು. ಮಂಟಪದ ಬಿಳಿಯ ಗೋಡೆಯೊಂದು ಆ ಫೈಲಿನಲ್ಲಿ ಬಹು ಸೊಗಸಾಗಿ ಉಳಿದಿದೆ.

ಬೆರಳುಗಳು ಬಾಚಣಿಗೆಯಾದುದಕ್ಕೂ ಕಾರಣವಿತ್ತು. ಹಳೆಯ ಟೆಲಿವಿಷನ್ನಿಗೆಂದು ಪ್ರತಿಯೊಂದು ಚಿತ್ರವನ್ನೂ ಬೆಸಗೆರೆ, ಸರಿಗೆರೆಗಳೆಂದು ಎರಡು ಪಾಲು ಮಾಡಿ, ಸೆಕೆಂಡಿಗೆ 50 ಪಾಲುಗಳಂತೆ ತೋರಿಸುತ್ತಿದ್ದರು. ಒಂದು ಪಾಲಿಗೂ ಇನ್ನೊಂದಕ್ಕೂ ನಡುವೆ ಕೈ ಸ್ವಲ್ಪ ಸರಿದಿರುತ್ತದೆ. ಎರಡನ್ನೂ ಲಕ್ಷ್ಯವಿಲ್ಲದೆ ಕೂಡಿಸಿ ಮತ್ತೆ ಹಿಂಡಿದರೆ ಹಲ್ಲುಗಳು ಚಿತ್ರದಲ್ಲಿಯೇ ಶಾಶ್ವತವಾಗಿ ಬೆಂದುಹೋಗುತ್ತವೆ. ಪಾಲುಗಳನ್ನು ಪಾಲುಗಳಾಗಿಯೇ ಇಟ್ಟರೆ, ಅವನ್ನು ಸರಿಯಾಗಿ ಹೊಂದಿಸುವ ಕೆಲಸ ನೋಡುವಾಗ ಪ್ಲೇಯರಿನದು.

ಹಾಗಾದರೆ ಗುಣ ಕೆಡದಂತೆ ತೆಗೆಯುವುದು ಹೇಗೆ? ಏನೂ ಮಾಡದಿರುವುದರಿಂದ! ಡಿಸ್ಕಿನಲ್ಲಿರುವ ಅಂಕಿಗಳನ್ನು ಒಂದೂ ಬಿಡದೆ ಕಂಪ್ಯೂಟರಿಗೆ ತರುವುದು ಮೊದಲ ಹೆಜ್ಜೆ. ಅದರಲ್ಲಿ ವಿ.ಓ.ಬಿ. ಎಂಬ ಹೆಸರಿನ ತುಂಡುಗಳಿರುತ್ತವೆ, ಒಂದೊಂದೂ ಒಂದು ಜಿ.ಬಿ.ಗೆ ಮೀರದಂತೆ. ಆಮೇಲೆ ಚಿತ್ರ ಮತ್ತು ಧ್ವನಿಗಳನ್ನು ಮುಟ್ಟದೆ, ಅವುಗಳ ಹೊರಗಣ ಪಾತ್ರೆಯನ್ನು ಮಾತ್ರ ಬದಲಾಯಿಸಿ ಎಂ.ಕೆ.ವಿ. ಎಂಬ ಒಂದೇ ಫೈಲು ಮಾಡುವುದು. ಮಡಕೆಯ ರಾಗಿಯನ್ನು ಡಬ್ಬಕ್ಕೆ ಸುರಿದಂತೆ; ಕಾಳು ಅದೇ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ರಾಗಿಯನ್ನು ಬೀಸುವ ಗೋಜು ಅದಕ್ಕಿಲ್ಲವಷ್ಟೆ. ಮಾರುಕಟ್ಟೆಯ ಚಲನಚಿತ್ರಗಳ ಡಿಸ್ಕುಗಳಿಗೆ ಬೀಗ ಹಾಕಿರುತ್ತಾರೆ, ಅವಕ್ಕೆ ಕಾಪಿರೈಟಿನ ಕಾನೂನೂ ಉಂಟು. ಆ ಗೊಡವೆ ಇಲ್ಲಿ ಬೇಡ. ನಮ್ಮ ಅತ್ತೆಯ ಮದುವೆಗೆ ಯಾರೂ ಬೀಗ ಹಾಕಿರಲಿಲ್ಲ.

ಇಷ್ಟು ತಿಳಿದೊಡನೆ ಹಿತ್ತಿಲಿಗೆ ಓಡಿದೆನೆಂದು ಬೇರೆ ಹೇಳಬೇಕಾಗಿಲ್ಲ. ಪ್ಲೇಟು ಗಿಡದಲ್ಲಿರಲಿಲ್ಲ, ಗಾಳಿಗೆ ದಾರ ಹರಿದು ಬಿದ್ದುದನ್ನು ಅಮ್ಮ ತಂದು ಅಡಿಗೆಮನೆಯ ಗೂಡಿನಲ್ಲಿಟ್ಟಿದ್ದಳು. ತೊಳೆದು ಒರೆಸಿ ಕಾಲೇಜಿಗೆ ಒಯ್ದೆ. ಗ್ರಂಥಾಲಯದ ಮೂಲೆಯಲ್ಲಿ, ಡಿಸ್ಕು ಓದುವ ಡ್ರೈವು ಇನ್ನೂ ಜೀವದಿಂದಿದ್ದ ಒಂದು ಹಳೆಯ ಕಂಪ್ಯೂಟರು ಇತ್ತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಬಾಯಿಯೇ ಅಪರೂಪ. ಡ್ರೈವು ಪ್ಲೇಟನ್ನು ನುಂಗಿತು, ಗುರುಗುಟ್ಟಿತು, ಒಂದೆರಡು ನಿಮಿಷ ಯೋಚಿಸಿ ಹೊರಕ್ಕೆ ತಳ್ಳಿತು. ಒಳಗೆ ಏನೂ ಇಲ್ಲವೆಂದು ತೆರೆಯ ಮೇಲೆ ಬರೆಯಿತು.

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ಅಕ್ಷರಗಳೆಂದರೆ ಪ್ಲಾಸ್ಟಿಕ್ಕಿನಲ್ಲಿ ಮೂಡಿದ ಗುಳಿಗಳು. ಮದುವೆ ಮನೆಯ ಡಿಸ್ಕು ಹಾಗಲ್ಲ. ಎರಡು ತೆಳು ಹಾಳೆಗಳ ನಡುವೆ ಬಣ್ಣದ ಒಂದು ಲೇಪವಿದ್ದು, ಲೇಸರ್ ಕಿರಣ ಅದನ್ನು ಅಲ್ಲಲ್ಲಿ ಸುಟ್ಟು ಬರೆದಿರುತ್ತದೆ. ಬೆಳಕಿನಿಂದ ಬರೆದುದನ್ನು ಬೆಳಕೇ ಅಳಿಸುತ್ತದೆ. ಎರಡು ತಿಂಗಳ ಬಿಸಿಲು ಸಾಲದೆ? ಗೀರುಗಳಷ್ಟೇ ಆಗಿದ್ದರೆ ಆಸೆ ಇರುತ್ತಿತ್ತು. ಅಮೆರಿಕದ ಇರ್ವಿಂಗ್ ರೀಡ್, ಗುಸ್ಟಾವ್ ಸಾಲೊಮನ್ ಎಂಬಿಬ್ಬರು 1960ರಲ್ಲಿ ಪ್ರಕಟಿಸಿದ ಗಣಿತದ ಬಲದಿಂದ, ಡಿಸ್ಕಿನಲ್ಲಿ ಕೆಲವು ಅಕ್ಷರ ಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ಹೋದವನ್ನು ತುಂಬಿಕೊಳ್ಳಬಹುದು. ಊಹೆಯಿಂದಲ್ಲ, ಲೆಕ್ಕದಿಂದ, ತುಂಬಿದ್ದು ಮೂಲವೇ. ಆದರೆ ಲೆಕ್ಕಕ್ಕೂ ಒಂದಷ್ಟು ಉಳಿದಿರಬೇಕು.

ವಿಡಿಯೋ ತೆಗೆದವರ ಬಳಿ ಮೂಲದ ಟೇಪು ಇರಬಹುದೆಂದು ಹಾಸನಕ್ಕೆ ಹೋದೆ. ಸ್ಟುಡಿಯೋ ಇದ್ದ ಕಡೆ ಈಗ ಬೇಕರಿ. ಅವರನ್ನು ಹುಡುಕಿ ಕೇಳಿದೆ. ಟೇಪುಗಳನ್ನು ಒರೆಸಿ ಬೇರೆ ಮದುವೆಗಳಿಗೆ ಬಳಸುತ್ತಿದ್ದೆವೆಂದು ಅವರು ಸಹಜವಾಗಿ ಹೇಳಿದರು. ಅಪ್ಪನ ಮೇಲೆ ಇನ್ನಾರದೋ ಧಾರೆ ನಡೆದಿತ್ತು. ಗಂಡಿನ ಕಡೆಯವರ ಪ್ರತಿ ಮನೆ ಬದಲಾಯಿಸುವಾಗ ಎಂದೋ ಕಳೆದಿತ್ತು.

ಉಳಿದದ್ದು ಕಡೂರಿನ ಎರಡನೆಯ ಪ್ಲೇಟು. ಅತ್ತೆ ಅದನ್ನು ಟವೆಲಿನಲ್ಲಿ ಸುತ್ತಿ, “ನೋಡಪ್ಪಾ, ನಿಮ್ಮಪ್ಪನೂ ಇದಾನೆ, ನನ್ನ ಮದುವೇನೂ ಇದೆ, ಜೋಪಾನ” ಎಂದು ಕೊಟ್ಟಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ; ಪಕ್ಕದವರು ಕೂಸೆಂದು ತಿಳಿದು ಜಾಗ ಬಿಟ್ಟರೋ ಏನೋ.

ಈ ಸಲ ಅವಸರ ಮಾಡಲಿಲ್ಲ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು. ಸುತ್ತ ಒರೆಸಿದರೆ ಬೀಳುವ ಗೀರು ಸಾಲಿನುದ್ದಕ್ಕೂ ಬಿದ್ದು ಲೆಕ್ಕದ ವಿದ್ಯೆಗೂ ಮೀರುತ್ತದಂತೆ. ಬಳಿಕ ಡಿಡಿರೆಸ್ಕ್ಯೂ ಎಂಬ ತಂತ್ರಾಂಶಕ್ಕೆ ಒಪ್ಪಿಸಿದೆವು. ಇದು ಜಾಣ ವಿದ್ಯಾರ್ಥಿಯಂತೆ. ಕಠಿಣ ಪ್ರಶ್ನೆಗಳನ್ನು ಬಿಟ್ಟು ಬರುವುದನ್ನೆಲ್ಲ ಮೊದಲು ಬರೆದು ಮುಗಿಸಿ, ಆಮೇಲೆ ಬಿಟ್ಟವುಗಳಿಗೆ ಮರಳುತ್ತದೆ. ಎಲ್ಲಿ ಬಿಟ್ಟೆನೆಂಬುದಕ್ಕೆ ಒಂದು ಪಟ್ಟಿಯನ್ನೂ ಇಟ್ಟುಕೊಳ್ಳುತ್ತದೆ. ಡಿಸ್ಕಿನಲ್ಲಿದ್ದ ತುಂಡುಗಳು, ಒಂದಕ್ಕೆ 2048 ಬೈಟಿನಂತೆ, ಇಪ್ಪತ್ತೊಂದು ಲಕ್ಷ. ಗ್ರಂಥಪಾಲಕರ ಅನುಮತಿ ಪಡೆದು ಯಂತ್ರವನ್ನು ರಾತ್ರಿಯೆಲ್ಲ ನಡೆಯಲು ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ 608 ತುಂಡುಗಳನ್ನು ಬಿಟ್ಟು ಉಳಿದೆಲ್ಲವೂ ಬಂದಿದ್ದವು. ಲೆಕ್ಕ ಹಾಕಿದರೆ ಎರಡು ಸೆಕೆಂಡಿನಷ್ಟು ಚಿತ್ರ. ಅದೇ ಪಟ್ಟಿಯನ್ನು ಕೊಟ್ಟು ಮೇಷ್ಟ್ರ ಹಳೆಯ ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಇನ್ನೊಮ್ಮೆ ಓದಿಸಿದೆವು. ಒಂದು ಡ್ರೈವಿನ ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. 608 ಹೋಗಿ 96 ಆಯಿತು. ಅದಕ್ಕಿಂತ ಇಳಿಯಲಿಲ್ಲ. ಆ ಅಲ್ಪ ಭಾಗ ಬಿದ್ದಿದ್ದುದು, ಕಾಫಿ ಲೋಟಗಳ ತಟ್ಟೆ ಹಿಡಿದ ಹೆಂಗಸೊಬ್ಬಳು ಕ್ಯಾಮೆರಾಕ್ಕೆ ಅಡ್ಡ ಬರುವ ಕಡೆ. ಆಕೆಯ ಸೆರಗು ಒಮ್ಮೆ ಹರಿದಂತಾಗಿ ಮತ್ತೆ ಕೂಡಿಕೊಳ್ಳುತ್ತದೆ.

ಹೀಗೆ ಬಂದ ಫೈಲು 4 ಜಿ.ಬಿ.ಗೂ ಹೆಚ್ಚಿನದು. ಮೊಬೈಲಿಗೆ ಬೇಕೆಂದು ಅದರಿಂದ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಇನ್ನೊಂದು ಚಿಕ್ಕ ಪ್ರತಿ ಮಾಡಿದೆ, ಗೆರೆಗಳನ್ನು ಸರಿಯಾಗಿ ಹೊಂದಿಸಿ. ಚಿಕ್ಕದು ಮಾಡುವುದೇ ಪಾಪವೆಂದು ನಾನು ವಾದಿಸುವುದಿಲ್ಲ. ಚಿಕ್ಕದು ಮಾಡಿ ದೊಡ್ಡದನ್ನು ಗಿಡಕ್ಕೆ ಕಟ್ಟಬಾರದು, ಅಷ್ಟೆ. ಮೂಲದ ಫೈಲು ಈಗ ಎರಡು ಹಾರ್ಡ್‌ಡಿಸ್ಕುಗಳಲ್ಲಿದೆ, ಒಂದು ನಮ್ಮಲ್ಲಿ, ಒಂದು ಕಡೂರಿನಲ್ಲಿ. ಎರಡೂ ಒಂದೇ ಎಂದು ನೋಡಲು ಒಂದು ಉಪಾಯವಿದೆ: ಫೈಲನ್ನೆಲ್ಲ ಓದಿ 64 ಅಕ್ಷರಗಳ ಒಂದು ಸಾಲು ಕೊಡುವ ಲೆಕ್ಕ. ಒಂದೇ ಒಂದು ಅಂಕಿ ಬೇರೆಯಾದರೂ ಸಾಲೇ ಬೇರೆಯಾಗುತ್ತದೆ. ಆ ಸಾಲನ್ನು ಅಮ್ಮನ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಪುರೋಹಿತರು ನೋಡಿ, ಇದು ಯಾವ ಮಂತ್ರ ಎಂದು ಕೇಳಿದರು.

ಮೊದಲನೆಯ ಪ್ಲೇಟಿನ ಮಸುಕು ಫೈಲಿನ ವಿಷಯದಲ್ಲಿ ಒಬ್ಬ ಮಿತ್ರ ಬಹಳ ಸಹಾನುಭೂತಿಯಿಂದ ಮುಂದೆ ಬಂದ. ಕೃತಕ ಬುದ್ಧಿಮತ್ತೆಯಿಂದ ಮಸುಕು ಮುಖಗಳನ್ನು ಸ್ಪಷ್ಟ ಮಾಡಬಹುದೆಂದು ಹೇಳಿ, ನನ್ನನ್ನು ಹೊತ್ತ ಅಪ್ಪನ ಒಂದು ಚಿತ್ರವನ್ನು ಮಾಡಿಯೂ ತಂದ. ನೋಡಿ ಬೆರಗಾದೆ. ಬೂದು ಚೌಕಗಳಿದ್ದ ಕಡೆ ಕಣ್ಣು, ಹುಬ್ಬು, ಒಪ್ಪವಾದ ಹಲ್ಲುಸಾಲು! ಅಮ್ಮನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಚೆನ್ನಾಗಿದಾರೆ. ಯಾರಿವರು?” ಎಂದಳು. ಅಮ್ಮನಿಗೆ ಅಪ್ಪನ ಮುಖ ಗೊತ್ತಿತ್ತು, ಆದ್ದರಿಂದ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಮ್ಮನಿಲ್ಲದಿದ್ದರೆ ನಾನು ಆ ಹಲ್ಲುಸಾಲನ್ನೇ ಅಪ್ಪನದೆಂದು ಜೀವಮಾನವೆಲ್ಲ ನಂಬುತ್ತಿದ್ದೆ. ನನ್ನ ಮಕ್ಕಳಿಗೂ ತೋರಿಸುತ್ತಿದ್ದೆ. ಗುರುಗಳು ಹೇಳಿದ ಮೂರನೆಯ ಪ್ರತಿಕಾರ ಇವನೇ. ಮಿತ್ರನಿಗೆ ನೋವಾಗದಂತೆ ಆ ಚಿತ್ರವನ್ನು ಅಳಿಸಿದೆ. ಬೂದು ಚೌಕಗಳನ್ನು ಇಟ್ಟುಕೊಂಡಿದ್ದೇನೆ.

ಎರಡನೆಯ ಪ್ಲೇಟನ್ನು ಮನೆಯಲ್ಲಿ ತೋರಿಸಿದ ರಾತ್ರಿಯದನ್ನು ಹೇಳಿ ಮುಗಿಸುತ್ತೇನೆ. ಟಿ.ವಿ.ಗೆ ಪೆನ್‌ಡ್ರೈವು ಸಿಕ್ಕಿಸಿ ಮುಯ್ಯಿಯ ಭಾಗ ಹಚ್ಚಿದೆ. ಅಪ್ಪ ಮಂಟಪದ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತು, ಕೊಟ್ಟವರ ಹೆಸರು, ಊರು, ಮೊತ್ತಗಳನ್ನು ಗಟ್ಟಿಯಾಗಿ ಹೇಳಿಕೊಂಡು ಬರೆಯುತ್ತಿದ್ದಾರೆ. ನೂರೊಂದು. ಐವತ್ತೊಂದು. ಒಂದು ತಾಮ್ರದ ಕೊಳಗ. ನನಗೆ ಸಿಕ್ಕಿರುವ ಅಪ್ಪನ ಮಾತೆಂದರೆ ಹೆಚ್ಚು ಭಾಗ ಇಂಥದೇ. ಅಂಗಡಿಯ ಫೈಲಿನಲ್ಲಿ ಇದನ್ನು ನಾವು ಹತ್ತಾರು ಸಲ ನೋಡಿದ್ದೆವು. ಆದರೆ ಈಗ, ಪ್ರತಿಯೊಂದು ಹೆಸರಿಗೂ ಮೊದಲು, ಒಂದು ಚಿಕ್ಕ ಸದ್ದು ಕೇಳಿಸಿತು. ಗಂಟಲು ಸರಿಮಾಡಿಕೊಳ್ಳುವ ಸದ್ದು. ಮೆತ್ತನೆಯದೆಂದು ಯಂತ್ರ ಅದನ್ನು ಕಿತ್ತು ಹಾಕಿತ್ತು.

ಅಮ್ಮ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ಹಂಗೇ ಮಾಡೋರು,” ಎಂದಳು. “ಬಾಗಿಲು ತಟ್ತಿರಲಿಲ್ಲ. ಹಿಂಗೆ ಒಂದು ಸದ್ದು ಮಾಡೋರು, ನಾನು ತೆಗೀತಿದ್ದೆ. ಮರ್ತೇ ಹೋಗಿತ್ತಲ್ಲೋ.” ಆ ಭಾಗವನ್ನು ಮೂರು ಸಲ ಹಾಕಿಸಿಕೊಂಡಳು.

ಅಜ್ಜಿ ಎದ್ದು ಅಡಿಗೆಮನೆಗೆ ಹೋಗಿ, ಗೂಡಿನಲ್ಲಿದ್ದ ಆ ಇನ್ನೊಂದು ಪ್ಲೇಟನ್ನು ತಂದಳು. ದಾರದ ತುಂಡು ಇನ್ನೂ ಅದರಲ್ಲಿತ್ತು. “ಇದರಿಂದ ಏನೂ ಬರಲ್ವಾ ಮಗಾ?” ಎಂದು ಕೇಳಿದಳು. “ಇಲ್ಲಜ್ಜಿ” ಎಂದೆ. ಅವಳು ದಾರವನ್ನು ಬಿಚ್ಚಿ, ಪ್ಲೇಟನ್ನು ಸೆರಗಿನಿಂದ ಒರೆಸಿ, ಮದುವೆಯ ಪೆಟ್ಟಿಗೆಯಲ್ಲಿ ಎರಡನೆಯದರ ಪಕ್ಕಕ್ಕೆ ಕೂರಿಸಿದಳು. “ಇರ್ಲಿ ಬಿಡು, ಜೋಡಿ ಒಡೆಯೋದು ಬೇಡ” ಎಂದು ಬೀರುವಿನ ಬಾಗಿಲು ಹಾಕಿದಳು.